ಒಂದೇ ಒಂದು ಬ

ಮೂರು ದಿನವಾಯಿತು,
ಪರದೆಯ ಬಲಮೂಲೆಯಲ್ಲಿ ಬೂದಿಬಣ್ಣದ ಒಂದು ಸಾಲು:
ಈ ಪ್ರತಿ ಅಸಲಿಯಲ್ಲದಿರಬಹುದು.

ಇರಬಹುದಂತೆ.
ಬಾಯಿಬಿಟ್ಟು ಕಳ್ಳಿ ಅನ್ನುವುದಿಲ್ಲ.
ಎದುರುಮನೆ ಗುಲ್ನಾಜಿಯ ಹಾಗೆ
ಹೆಸರೆತ್ತದೆ, ಬಾಲ್ಕನಿಯಲ್ಲಿ ನಿಂತು ಕೆಮ್ಮುತ್ತದೆ.

ನಾನು ಮಲಗಿದ್ದಾಗ ಬಂದು ಹೋಗಿದೆ ಅಪ್‌ಡೇಟು.
ಕರೆದವಳು ನಾನಲ್ಲ.
ಬಂದದ್ದು ಬಂತು, ಬೀಗ ಬದಲಿಸಿ
ಹೊಸ್ತಿಲಲ್ಲಿ ನಿಂತು ನನ್ನನ್ನೇ ಕೇಳುತ್ತಿದೆ
ತಾವು ಯಾರೆಂದು.

ಕುತೈಸಿಯ ಈ ಅಂಗಡಿಯಲ್ಲಿ, ರಿಯೋನಿ ಹೊಳೆಯ ಸದ್ದಿನಲ್ಲಿ
ಮೂವತ್ತೆಂಟು ವರ್ಷ ಅಚ್ಚು ಹಾಕಿದ್ದೇನೆ
ಮದುವೆ ಕಾಗದ, ವೈನ್ ಬಾಟಲಿಯ ಚೀಟಿ, ಸಾವಿನ ಸುದ್ದಿ.
ರೂಬಲ್ ಹೋಗಿ ಕೂಪನ್ ಬಂತು,
ಒಂದು ರೊಟ್ಟಿಗೆ ಒಂದು ಕಟ್ಟು ಕೂಪನ್,
ಅದೂ ಹೋಗಿ ಲಾರಿ ಅನ್ನುವ ದುಡ್ಡು ಬಂತು.
ದೇಶ ಬದಲಾದಾಗಲೂ ಯಾರೂ ಕೇಳಲಿಲ್ಲ
ನತೇಲಾ, ನೀನು ಅಸಲಿಯಾ ಅಂತ.

ಹಳೇ ಮೋಟರ್‌ಸೈಕಲ್ ಮಾರಿ, ರಸೀದಿ ಸಮೇತ
ವರ್ಲಾಮ್ ಕೊಂಡ ಯಂತ್ರ ಇದು.
ಈಗ ನೋಡಿದರೆ ದುಡ್ಡು ಕೊಟ್ಟವನೇ ಕೋಡಂಗಿ.
ಪೆಟ್ಟಿಗೆಯ ಪಕ್ಕೆಗೆ ಅಂಟಿಸಿದ ಚೀಟಿಯಲ್ಲಿ ಇಪ್ಪತ್ತೈದು ಅಕ್ಷರ.
ಹದಿನೇಳು ಕಾಣುತ್ತವೆ.
ಮಿಕ್ಕವು ಸವೆದದ್ದು ಬೆಕ್ಕಿನ ಬೆನ್ನಿಗೆ,
ಹನ್ನೊಂದು ಚಳಿಗಾಲ ಅದು ಒರಗಿ ಮಲಗಿದ್ದು ಅಲ್ಲೇ.
ಭೂತಗನ್ನಡಿ ಹಿಡಿದೆ, ಟಾರ್ಚು ಬಿಟ್ಟೆ.
ಇದು ಎಂಟೋ? ಇಂಗ್ಲಿಷಿನ ಬಿಯೋ?
ಎಂಟು ಒತ್ತಿದೆ: ಇಲ್ಲ ಎಂದಿತು.
ಬಿ ಒತ್ತಿದೆ: ಇಲ್ಲ, ಅದೂ ಇಲ್ಲ.

ಫೋನು ಮಾಡಿದರೆ ಒಬ್ಬಳು,
ಅವಳೂ ಅಸಲಿಯಲ್ಲ, ರೆಕಾರ್ಡು,
ಒಂಬತ್ತು ಗುಂಪಿನ ಅಂಕಿ ಕೇಳಿದಳು.
ಏಳನೇ ಗುಂಪಿನಲ್ಲಿ ನನಗೆ ಸೀನು ಬಂತು.
ಕ್ಷಮಿಸಿ, ಮೊದಲಿನಿಂದ ಹೇಳಿ.

ಮೂಲೆಯಂಗಡಿಯ ಗೋಚಾ ನಕ್ಕ:
ಹತ್ತು ಲಾರಿ ಕೊಡಿ, ಅತ್ತೆ, ಇದರ ಬಾಯಿ ಮುಚ್ಚಿಸುತ್ತೇನೆ.
ಅಂದರೆ
ಖೋಟಾ ಆದರೆ ಅಸಲಿ ಅನ್ನಿಸಿಕೊಳ್ಳಬಹುದು.
ಬೇಡವೋ, ಅಂದೆ. ನನ್ನ ಹತ್ತಿರ ರಸೀದಿ ಇದೆ.
ರಸೀದಿ ಇಟ್ಟುಕೊಂಡು ಏನು ಮಾಡುತ್ತೀರಿ, ಅಂದ.
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಕಾಫಿ ಕೊಟ್ಟೆ.

ಸಂಜೆ ಜುಂಬೇರ್ ಬಂದ, ಶೂ ತುಂಬ ಕೆಸರು.
ಅವನ ತಾಯಿ ಬಬುತ್ಸಾಳ ನಲವತ್ತನೇ ದಿನ, ಭಾನುವಾರ.
ಅರವತ್ತು ಹಾಳೆ ಬೇಕು, ಫೋಟೋ ಬೇಡ,
ಹೆಸರು ದಪ್ಪಗಿರಲಿ, ಓಣಿಯ ಆಚೆ ತುದಿಗೂ ಕಾಣಬೇಕು.
ಪರದೆ ನೋಡಿದ. ಟೋಪಿ ತೆಗೆದ.
ಪಿಂಚಣಿ ಕಚೇರಿಯಲ್ಲೂ ಹೀಗೇ, ಅಂದ.
ಅಮ್ಮ ಸತ್ತದ್ದು ಖಾತ್ರಿಯಾಗಬೇಕಂತೆ,
ಹೊಸ ನಮೂನೆ ಬಂದಿದೆಯಂತೆ, ಹಳೆಯದು ನಡೆಯುವುದಿಲ್ಲವಂತೆ.

ಆಗ ಹಿಂದಿನ ಕೋಣೆಗೆ ಹೋದೆ.
ಮರದ ಖಾನೆಗಳಲ್ಲಿ ಸೀಸದ ಮೊಳೆ,
ಅಪ್ಪನ ಕಾಲದ್ದು, ಇಲಿಹಿಕ್ಕೆಯ ನಡುವೆ.
ಕೈಒತ್ತಿನ ಯಂತ್ರಕ್ಕೆ ಎಣ್ಣೆ ಬಿಟ್ಟೆ, ಒಂದು ಬಾರಿ ನರಳಿತು,
ನನ್ನ ಮೊಣಕಾಲಿನ ಹಾಗೇ.
ದಪ್ಪಕ್ಷರದ ಖಾನೆ ಎಳೆದರೆ
ಒಂದೇ ಒಂದು ಬ.
ನಮ್ಮ ಲಿಪಿಯ ಮೂವತ್ತಮೂರರಲ್ಲಿ ಮಿಕ್ಕವೆಲ್ಲ ಇವೆ,
ಬಬುತ್ಸಾಳಿಗೆ ಮಾತ್ರ ಎರಡು ಬೇಕು.

ಹಾಗಾಗಿ ಒಂದೊಂದು ಹಾಳೆಗೂ ಎರಡು ಸಲ.
ಮೊದಲು ಒಂದು ಬ, ಅದರ ಪಕ್ಕ ಖಾಲಿ ಜಾಗ.
ಅರವತ್ತೂ ಮುಗಿದ ಮೇಲೆ ಮೊಳೆ ಎತ್ತಿ,
ಖಾಲಿಯಲ್ಲಿ ಕೂರಿಸಿ, ಮತ್ತೆ ಅರವತ್ತು.
ಜುಂಬೇರ್ ಹಾಳೆ ಎತ್ತಿ ಎತ್ತಿ ಹಗ್ಗಕ್ಕೆ ಹಾಕಿದ.
ಎರಡನೆಯ ಬ ಎಲ್ಲದರಲ್ಲೂ ಕೂದಲೆಳೆಯಷ್ಟು ಮೇಲೆ.

ಹೀಗೇ ಇರಲಿ, ಅಂದ. ಅವಳ ಒಂದು ಭುಜ ಹೀಗೇ ಇತ್ತು,
ನೀರು ಹೊತ್ತು ಹೊತ್ತು.

ಮುಂದಿನ ಕೋಣೆಯಲ್ಲಿ ಯಂತ್ರ ತಾನಾಗಿಯೇ ಮತ್ತೆ ಶುರುವಾಯಿತು:
ಶೇಕಡಾ ಮೂವತ್ತೊಂದು, ದಯವಿಟ್ಟು ಆರಿಸಬೇಡಿ.
ಬೆಕ್ಕು ಅದಕ್ಕೊರಗಿ ಮಲಗಿತು,
ಉಳಿದ ಹದಿನೇಳರ ಮೇಲೆ.