ಕತ್ತಲೆಗೊಂದು ಅರ್ಜಿ

ಬಳಗಕ್ಕೆ ಹನ್ನೊಂದು ಸದಸ್ಯರು.
ಬಂದವರು ನನ್ನನ್ನೂ ಸೇರಿಸಿ ನಾಲ್ವರು.
ಅದರಲ್ಲಿ ಶಾಂತರಾಜೇ ಅರಸು, ಸಕ್ಕರೆ ಕಾರ್ಖಾನೆಯ ನಿವೃತ್ತ ಕೆಮಿಸ್ಟು,
ಟಾರ್ಚಿಗೆ ಕೆಂಪು ಕಾಗದ ಸುತ್ತುವುದು ಮರೆತು
ಬೆಳ್ಳಗೆ ಹೊತ್ತಿಸಿ, ನಮ್ಮೆಲ್ಲರ ಕಣ್ಣಿನ
ಅರ್ಧ ಗಂಟೆಯ ಗಳಿಕೆಯನ್ನು ಒಂದೇ ಏಟಿಗೆ ಕಳೆದರು.
ಬೈಯಲಿಲ್ಲ. ಚಂದಾ ಕೊಡುವವರು ಅವರೊಬ್ಬರೇ.

ಹಗಲು ನಾನು ಮಂಡ್ಯದ ಕರೆಂಟು ಕಚೇರಿಯಲ್ಲಿ ಗುಮಾಸ್ತೆ:
ಮೀಟರು, ಬಾಕಿ, ಬೀದಿದೀಪದ ದೂರು.
ಸಂಜೆ ಅದೇ ಪೆನ್ನಿನಲ್ಲಿ ಪಂಚಾಯ್ತಿಗೆ ಬರೆಯುತ್ತೇನೆ:
ಮಾನ್ಯರೇ, ಬೂದನೂರು ಕೆರೆ ಏರಿಯ ಹೊಸ ದೀಪವನ್ನು
ಅಮಾವಾಸ್ಯೆಯ ರಾತ್ರಿ ನಾಲ್ಕೇ ನಾಲ್ಕು ಗಂಟೆ
ಆರಿಸಿಕೊಡಬೇಕಾಗಿ ಪ್ರಾರ್ಥನೆ.
ಮೂರು ಅರ್ಜಿ ಹೋದವು. ಉತ್ತರ ಬಂದದ್ದು ಒಂದಕ್ಕೆ:
ತಮ್ಮ ಕೋರಿಕೆಯಂತೆ
ಇನ್ನೊಂದು ದೀಪವನ್ನು ಮಂಜೂರು ಮಾಡಲಾಗಿದೆ.

ಹಾಗಾಗಿ ಏರಿ ಬಿಟ್ಟೆವು.
ನಾಲೆ ದಾಟಿ, ಕಬ್ಬು ಕಡಿದ ಈ ಬಯಲಿಗೆ ಬಂದೆವು.
ಕೂಳೆ ಕಾಲಿಗೆ ಚುಚ್ಚುತ್ತದೆ.
ಪಡುವಣಕ್ಕೆ ಆಲೆಮನೆ; ಗಾಳಿ ತಿರುಗಿತೆಂದರೆ
ಮೀನರಾಶಿ ಇಡಿಯಾಗಿ ಹೊಗೆಯಲ್ಲಿ ಮುಳುಗುತ್ತದೆ.
ದೂರೋಣವೆಂದರೆ ಬಾಯಲ್ಲಿ ನೀರು,
ಆ ಪಾಕದ ವಾಸನೆಗೆ.

ನಮ್ಮ ದೂರದರ್ಶಕ ಕೊಳವೆಬಾವಿಯ ಕೇಸಿಂಗ್ ಪೈಪು.
ಅದರ ಕನ್ನಡಿ ಉಜ್ಜಿದವರು ಪೇಟೆ ಬೀದಿಯ
ಗಡಿಯಾರ ರಿಪೇರಿಯ ಸನಾವುಲ್ಲಾ,
ಐದು ತಿಂಗಳು, ಅಂಗಡಿಗೆ ಬಾಗಿಲು ಹಾಕಿದ ಮೇಲೆ,
ಗಾಜಿನ ಮೇಲೆ ಗಾಜು, ನಡುವೆ ಪುಡಿ, ನೀರು,
ಡ್ರಮ್ಮಿನ ಸುತ್ತ ನಡೆಯುತ್ತ, ನಡೆಯುತ್ತ.
"ಇಷ್ಟು ನಡೆದಿದ್ದರೆ ಮೈಸೂರಿಗೆ ಹೋಗಿ ಬರಬಹುದಿತ್ತು"
ಅಂದಿದ್ದರು, ಶನಿಯ ಬಳೆ ಮೊದಲು ಕಂಡ ದಿನ,
ಕಣ್ಣು ತೆಗೆಯದೆ. ಆಮೇಲೆ, ಬಹಳ ಹೊತ್ತಾದ ಮೇಲೆ:
"ಅಲ್ಲಾಡ್ತಿದೆ. ಸ್ಕ್ರೂ ಬಿಗಿ ಮಾಡ್ಬೇಕು."

ಎರಡು ಗಂಟೆಗೆ ತ್ರೀ ಫೇಸ್ ಬಂತು.
(ಆ ವೇಳಾಪಟ್ಟಿ ಟೈಪು ಮಾಡಿದವಳು ನಾನೇ.)
ದೂರದ ಪಂಪುಗಳು ಒಂದೊಂದಾಗಿ ಕೆಮ್ಮಿ ಎದ್ದವು.
ತಲೆಗೆ ಟವೆಲು ಸುತ್ತಿ, ಗುದ್ದಲಿ ಹೆಗಲಿಗೇರಿಸಿ
ಬದುವಿನ ಮೇಲೆ ಬಂದವರು ಹೊಲದ ಒಡತಿ ಚಿಕ್ಕತಾಯಮ್ಮ.
"ಪೈಪ್ನ ಯಾಕ್ರವ್ವ ಮ್ಯಾಕ್ಕೆ ನಿಲ್ಸಿದ್ದೀರಿ?
ಅಲ್ಲಿಂದ ನೀರ್ ಬತ್ತದಾ?"

ಹತ್ತನೇ ಕ್ಲಾಸಿನ ಬಿಂದು ಕಿಸಕ್ಕೆಂದಳು.
ನಾನು ಸ್ಟೂಲು ಸರಿಸಿ, ನೋಡಿ ಅಮ್ಮ ಅಂದೆ.
ಅವರು ಪೈಪಿನ ಹತ್ತಿರಕ್ಕೂ ಬರಲಿಲ್ಲ.
"ಆರಿದ್ರ ಯಾವ್ದು ಅಂತ ತೋರ್ಸವ್ವ.
ಐವತ್ತು ವರ್ಸ ಅದ್ರ ಮಳೇಲಿ ಒಟ್ಲು ಬಿಟ್ಟಿವ್ನಿ,
ಮೊಕ ಮಾತ್ರ ಕಂಡಿಲ್ಲ."

ಬೆರಳು ಮಾಡಿ ತೋರಿಸಿದೆ: ಅಗೋ,
ಪಡುವಣಕ್ಕೆ ವಾಲಿದ ಬೇಟೆಗಾರನ ಹೆಗಲಲ್ಲಿ,
ಬೂದಿ ಮುಚ್ಚುವ ಮುಂಚಿನ ಕೆಂಡ.
ಬಾಯಿಪಾಠದ ಹಾಗೆ ಮುಂದಿನದೂ ಹೇಳಿದೆ:
ಆರಿದ್ರ ಮಳೆಯೆಂದರೆ ಸೂರ್ಯ ಅದರ ಮನೆಯಲ್ಲಿರುವ ಹದಿನಾಲ್ಕು ದಿನ.
ಇಬ್ಬರೂ ಕೂಡಿ ಹುಟ್ಟಿ ಕೂಡಿ ಮುಳುಗುತ್ತಾರೆ.
ಆಗ ಮೋಡವೇ ಇಲ್ಲದಿದ್ದರೂ
ತನ್ನ ಮಳೆಯಲ್ಲಿ ತಾನು ಕಾಣುವುದಿಲ್ಲ.

ಚಿಕ್ಕತಾಯಮ್ಮ ಗುದ್ದಲಿ ನೆಲಕ್ಕೂರಿ ನಿಂತರು.
"ಅಂಗಾರೆ, ನಾವು ಕೆಸ್ರಲ್ಲಿ ಇರೋವಾಗ
ಅದು ಬಿಸ್ಲಲ್ಲಿ ಇರ್ತದೆ ಅನ್ನು."

ಎಂಟು ವರ್ಷದಿಂದ ಕಾರ್ಯದರ್ಶಿ ನಾನು.
ಶಾಲೆ ಶಾಲೆಗೆ ಹೋಗಿ ಚಾರ್ಟು ಬಿಡಿಸಿದ್ದೇನೆ.
ಆ ಮಾತಿಗೆ ಏನನ್ನಬೇಕೋ ತಿಳಿಯಲಿಲ್ಲ.
"ಹೂಂ" ಅಂದೆ.

ಅವರು ಹೋದರು, ಮಡೆ ತಿರುಗಿಸಲಿಕ್ಕೆ.
ಯಾವ ಮಡೆ ಎಂದು ನಾವು ಕೇಳಿರಲಿಲ್ಲ.
ಸಾಲುಸಾಲಲ್ಲಿ ಸದ್ದಿಲ್ಲದೆ ಬಂತು ನೀರು,
ಮೊದಲು ಬಿಂದುವಿನ ಚಪ್ಪಲಿ, ಆಮೇಲೆ ನಕ್ಷೆ,
ಆಮೇಲೆ ಸನಾವುಲ್ಲಾ ಪೈಪನ್ನು ಮಗುವಿನಂತೆ ತಬ್ಬಿ
ಕೂಳೆಗಳ ನಡುವೆ ಓಡಿದ್ದು,
"ಕನ್ನಡಿ, ಕನ್ನಡಿ" ಎನ್ನುತ್ತ ಅರಸು
ಮತ್ತೆ ಬೆಳ್ಳಗೆ ಟಾರ್ಚು ಹೊತ್ತಿಸಿದ್ದು.
ಯಾರೂ ಬೈಯಲಿಲ್ಲ.

ಹಾಜರಿ ಪುಸ್ತಕದ ಈ ಪುಟ ಉಬ್ಬಿಕೊಂಡಿದೆ.
ಆಕಾಶ: ಸ್ವಚ್ಛ. ಹೊಗೆ: ಅಲ್ಪ.
ನೋಡಿದವರು: ನಾಲ್ಕು, ಅದನ್ನು ಹೊಡೆದು, ಐದು.

ಬೆಳಿಗ್ಗೆ ಕಚೇರಿಯಲ್ಲಿ, ಸೀರೆಯಂಚಿನ ಕೆಸರು ಒಣಗುತ್ತಿರುವಾಗ
ಮುಂದಿನ ತಿಂಗಳ ತ್ರೀ ಫೇಸ್ ಪಟ್ಟಿ ಟೈಪು ಮಾಡಿದೆ.
ಅಮಾವಾಸ್ಯೆಯ ಎದುರಿಗೆ
ರಾತ್ರಿ ಎರಡು ಗಂಟೆ ಅಂತಲೇ ಇತ್ತು.
ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.
ತಿದ್ದುವುದು ನನ್ನ ಕೈಯಲ್ಲಿಲ್ಲ ನಿಜ.
ಇದ್ದಿದ್ದರೂ.