ಬೀಳಿಸುವ ಕೆಲಸ

ನನಗೆ ಸಂಬಳ ಕೊಡುವುದು ಫೋನು ಬೀಳಿಸಲಿಕ್ಕೆ.
ಔಲು ಊರಿನ ಅಂಚಿನಲ್ಲಿ ಕಿಟಕಿಯಿಲ್ಲದ ಕೋಣೆ,
ಒಂದೂವರೆ ಮೀಟರ್ ಎತ್ತರದಲ್ಲಿ ಉಕ್ಕಿನ ತೋಳು,
ಕೆಳಗೆ ಕರಿಕಲ್ಲಿನ ಚಪ್ಪಡಿ.
ಆರು ಮುಖ, ಎಂಟು ಮೂಲೆ, ಹನ್ನೆರಡು ಅಂಚು:
ಒಂದೊಂದನ್ನೂ ಇಪ್ಪತ್ತಾರು ಸಲ.
ಬಿದ್ದರೂ ಮೀಸೆ ಮಣ್ಣಾಗದಿದ್ದರೆ ಪಾಸು.
ಮಣ್ಣಾದರೆ, ಎಷ್ಟನೆಯ ಸಲ, ಯಾವ ಮೂಲೆ
ಎಂದು ಬರೆದು ಟ್ರೇಯಲ್ಲಿಟ್ಟು
ಮುಂದಿನದಕ್ಕೆ ಕೈ ಹಾಕುತ್ತೇನೆ.

ಮಗಳು ಹಿಲ್ಲ ಶಾಲೆಯಲ್ಲಿ ಬರೆದಳಂತೆ:
‘ಅಮ್ಮ ಹಲ್ಲು ಕೀಳುತ್ತಾಳೆ. ಅಪ್ಪ ಸಾಮಾನು ಒಡೆಯುತ್ತಾನೆ.’
ಟೀಚರ್ ಫೋನು ಮಾಡಿ, ಎರಡು ಸಲ ಕೆಮ್ಮಿ,
ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದರು.

ನನ್ನ ಸ್ವಂತದ್ದಕ್ಕೆ ಮಾತ್ರ ಎರಡು ಕವಚ,
ಮೇಲೊಂದು ಉಣ್ಣೆಚೀಲ, ಪಕ್ಕದ ಮನೆಯ ರೌನಿ ಹೆಣೆದದ್ದು.
ಮೈನಸ್ ಇಪ್ಪತ್ತೆಂಟರಲ್ಲಿ
ನಲವತ್ತು ಪರ್ಸೆಂಟ್ ಚಾರ್ಜು ಎಂಬುದು ಬರೀ ಬಾಯಿಮಾತು.
ಬಸ್ಸಿಗೆ ಕಾಯುವವರೆಲ್ಲ ಕಂಕುಳಲ್ಲಿ ಫೋನಿಟ್ಟು
ಕಾವಿಗೆ ಕೂತ ಕೋಳಿಗಳ ಹಾಗೆ ನಿಂತಿರುತ್ತೇವೆ,
ಒಬ್ಬರಿಂದೊಬ್ಬರು ಎರಡು ಮಾರು ದೂರ,
ತುಟಿ ಪಿಟಕ್ಕೆನ್ನದೆ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಳೆಯವು ಮಲಗಿವೆ.
ಒಂದರ ಮೂರನೆಯ ಗುಂಡಿ ಉಜ್ಜಿಹೋಗಿದೆ.
ಯಾರಿಗೆ ಅಷ್ಟೊಂದು ಮೆಸೇಜು ಬರೆದಿದ್ದೆನೋ!
ಇನ್ನೊಂದರೊಳಗೆ, ತನ್ನ ಬಾಲ ತಾನೇ ಕಚ್ಚಿ
ಸತ್ತ ಹಾವು ಇನ್ನೂ ಇದ್ದೀತು.
ಯಾವ ಚಾರ್ಜರಿಗೂ ಯಾವ ತೂತೂ ಸೇರುವುದಿಲ್ಲ.
ಹೆಂಡತಿ ಎಸೆ ಎನ್ನುತ್ತಾಳೆ.
ಎಸೆಯುವುದನ್ನು ಕಸುಬು ಮಾಡಿಕೊಂಡವನಿಗೆ
ಅದೊಂದು ಮಾತ್ರ ಕೈಲಾಗುವುದಿಲ್ಲ.

ಕಾರ್ಖಾನೆ ಮುಚ್ಚಿದ ವರ್ಷ ಬಿದ್ದದ್ದು ಬೇರೆ.
ಷೇರು ಬಿತ್ತು, ಮನೆಗಳ ಬೆಲೆ ಬಿತ್ತು,
ಕ್ಯಾಂಟೀನಿನ ಬಾಗಿಲಿಗೆ ಬೀಗ ಬಿತ್ತು.
ಅದರ ಮೂಲೆ, ಅಂಚು ಯಾರೂ ಬರೆದಿಡಲಿಲ್ಲ.
ಆಂಟೆನಾ ಲೆಕ್ಕ ಹಾಕುತ್ತಿದ್ದ ಯೊರ್ಮ
ಈಗ ಶಾಲೆಯ ಬಸ್ಸು ಓಡಿಸುತ್ತಾನೆ.
ಯಾವ ತಿರುವಿನಲ್ಲಿ ಸಿಗ್ನಲ್ ಸಾಯುತ್ತದೆಂದು
ಮಕ್ಕಳಿಗೆ ಮೊದಲೇ ಕೂಗಿ ಹೇಳುತ್ತಾನೆ.
ಮಕ್ಕಳು ಗಬಕ್ಕನೆ ಕೊನೆಯ ಮಾತು ಕಳಿಸಿಬಿಡುತ್ತವೆ.

ಆಗಸ್ಟಿನಲ್ಲಿ ನಮ್ಮೂರಲ್ಲಿ
ಇಲ್ಲದ ಗಿಟಾರ್ ನುಡಿಸುವ ಪಂದ್ಯ.
ಲೆಕ್ಕಪತ್ರ ವಿಭಾಗದ ಸಿರ್ಕ, ವರ್ಷವಿಡೀ
‘ರಸೀದಿ ಎಲ್ಲಿ’ ಎಂಬುದೊಂದೇ ಮಾತಿನವಳು,
ತೊಗಲಿನ ಜಾಕೆಟ್ಟು ತೊಟ್ಟು ವೇದಿಕೆಗೆ ಹಾರಿದಳು.
ನಡುವೆ ಇಲ್ಲದ ತಂತಿ ಹರಿಯಿತು,
ಇಲ್ಲದ ತಂತಿಯನ್ನೇ ಹಲ್ಲಿನಲ್ಲಿ ಬಿಗಿದು ಮತ್ತೆ ಮೀಟಿದಳು.
ಬಿದ್ದು ಬಿದ್ದು ನಕ್ಕೆವು.
ಕೊನೆಗೆ ಅದನ್ನು ತಲೆಯ ಮೇಲೆತ್ತಿ
ನೆಲಕ್ಕೆ ಅಪ್ಪಳಿಸಿದಾಗ ಊರೇ ಕಿರುಚಿತು.
ನನಗೆ ಹೊಳೆದದ್ದು ಇಷ್ಟೆ:
ಯಾವ ಮೂಲೆ ಮೊದಲು ತಾಗಿತು?

ಶುಕ್ರವಾರ ಸೌನಾ ಮುಗಿಸಿ, ಕೆಂಪು ಕೆನ್ನೆಯಲ್ಲಿ
ನಾನೂ ಹಿಲ್ಲಳೂ ಬಾಹ್ಯಾಕಾಶದ ಧಾರಾವಾಹಿ ನೋಡುತ್ತೇವೆ.
ಆ ಹಡಗಿನಲ್ಲಿ ಯಾರೂ ಚಾರ್ಜರ್ ಹುಡುಕುವುದಿಲ್ಲ.
ಗ್ರಹ ಸ್ಫೋಟಿಸುವ ಹೊತ್ತಿಗೆ ಸರಿಯಾಗಿ
ಪರದೆಯ ಮೇಲೆ ‘ಅಪ್‌ಡೇಟ್ ಆಗುತ್ತಿದೆ’ ಎಂದು ಬರುವುದಿಲ್ಲ.
‘ಸುಳ್ಳು’ ಎನ್ನುತ್ತಾಳೆ ಹಿಲ್ಲ,
ಉಪ್ಪಿನ ಕರಿ ಮಿಠಾಯಿ ಚೀಪುತ್ತಾ.

ನಿನ್ನೆ ಸಂಜೆ. ಸಂಜೆಯೇನು, ಮಧ್ಯಾಹ್ನ ಮೂರು,
ಆಗಲೇ ಕಗ್ಗತ್ತಲು.
ಸೈಕಲ್ ದಾರಿಯಲ್ಲಿ ಕಿರಾಣಿ ಹೊತ್ತ ಪುಟ್ಟ ರೋಬೋ
ಹಿಮದ ಗುಡ್ಡೆಗೆ ಸಿಕ್ಕಿ
ಆರೂ ಗಾಲಿ ತಿರುಗಿಸುತ್ತಿತ್ತು.
ಮುಂದೆ ಹೋಗುವುದು, ಹಿಂದೆ ಜಾರುವುದು,
ಬಾವುಟದ ಕಡ್ಡಿ ನಡುಗುವುದು.
ಬಗ್ಗಿ ಎತ್ತಿದೆ. ಗಟ್ಟಿ ತೂಕ.
ಕೈ ತನ್ನಷ್ಟಕ್ಕೆ ಎತ್ತರ ಅಳೆಯಿತು,
ಒಂದೂವರೆ ಮೀಟರಿಗೆ ಇನ್ನೂ ಅರ್ಧ ಬಾಕಿ.
ಬೆರಳು ಸಡಿಲಿಸುವ ಅಭ್ಯಾಸವನ್ನು
ಹಲ್ಲು ಕಚ್ಚಿ ಹಿಡಿದು
ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ,
ಇಳಿಸಿದೆ.

‘ಕೀಟೊಸ್’ ಎಂದಿತು, ಹುಡುಗಿಯ ದನಿಯಲ್ಲಿ.
‘ಅಯ್ಯೋ, ಅದಕ್ಕೇನು’ ಎಂದುಬಿಟ್ಟೆ, ಗಟ್ಟಿಯಾಗಿ.
ವಾರದಲ್ಲಿ ಅಪರಿಚಿತರೊಡನೆ ಆಡಿದ ಮೊದಲ ಮಾತು.

ಬಾಲ್ಕನಿಯಲ್ಲಿ ರೌನಿ. ಕೇಳಿಸಿಕೊಂಡಳು.
ಮುಖ ತಿರುಗಿಸಿ ನಕ್ಷತ್ರ ಎಣಿಸುವವಳಂತೆ ನಿಂತಳು,
ಒಳ್ಳೆಯ ನೆರೆಯವಳು.

ಡಬ್ಬಿಯಲ್ಲಿ ಮೊಟ್ಟೆ ಇದ್ದಿರಬೇಕು.
ಒಡೆದಿಲ್ಲ ಎಂದುಕೊಂಡಿದ್ದೇನೆ.