ಶ್ರಮದಾನ: ನಾಲ್ಕು ತಾಸು

ಎರಡು ವರ್ಷಕ್ಕೆ ಇನ್ನೂರ ನಲವತ್ತು ತಾಸು ಸೇವೆ,
ತುಂಬಿದರೆ ಒಂದು ಪ್ರಮಾಣಪತ್ರ.
ನನಗೆ ಹನ್ನೊಂದು ತಾಸು ಕಡಿಮೆ ಬಿದ್ದಿತ್ತು.
ಹಾಗಾಗಿ ಆ ಭಾನುವಾರ ನಾನೂ ಹೋದೆ,
ಎದೆಗೆ ಎನ್ನೆಸ್ಸೆಸ್ ಚಕ್ರದ ಬಿಲ್ಲೆ ಚುಚ್ಚಿಕೊಂಡು,
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ.

ಸರ್ಕಾರದ ದುಡ್ಡಲ್ಲಿ ಮೂರು ಚೀಲ ಸುಣ್ಣ,
ಹದಿನೆಂಟು ಬ್ರಷ್ಷು, ಒಂದು ಬ್ಯಾನರು.
ಬ್ಯಾನರಿನಲ್ಲಿ ಕಾಲೇಜಿನ ಹೆಸರು ದೊಡ್ಡದು,
ಓಣಿಯ ಹೆಸರು ತಪ್ಪು.

ಹೊಟ್ಟಿನ ಬೆಂಕಿ, ಹಳೆ ಟಯರಿನ ಹೊಗೆ.
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳಿ
ಆಳೆತ್ತರದ ಚೀಲಗಳಾಗಿ ನಿಂತಿತ್ತು;
ಆ ಓಣಿಯಲ್ಲಿ ಅದೊಂದೇ ಬೆಳ್ಳಗೆ.
"ಈ ಗೋಡೆ ಹಿಡೀರಿ," ಎಂದರು ರುದ್ರಮುನಿ ಸರ್,
"ರಸ್ತೆಗೆ ಕಾಣುತ್ತೆ, ಫೋಟೋಕ್ಕೆ ಬೆಳಕೂ ಐತೆ."

ಬಳಿದೆವು.
ಗೋಡೆಯಲ್ಲಿ ಗೀರುಗಳಿದ್ದವು, ನಾನು ನೋಡಿದ್ದೆ:
ಮೊಳೆಯಿಂದ ಮಸಿ ಕೆರೆದು ನಾಲ್ಕು ಉದ್ದ, ಐದನೆಯದು ಅಡ್ಡ,
ಪಕ್ಕದಲ್ಲಿ ಒಂದು ಚಂದ್ರ, ಒಂದು ಕಿವಿಯೋಲೆ, ಒಂದು ಮೀನು.
ಮಕ್ಕಳಾಟ ಅಂದುಕೊಂಡು
ಚಂದ್ರನ ಮೇಲೆ ಎರಡು ಕೈ ಹೆಚ್ಚೇ ಎಳೆದೆ.

ಹನ್ನೊಂದೂವರೆಗೆ ಫೋಟೋ.
ಆಮೇಲೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ,
ತಲೆಗಿಷ್ಟು ಎಂದು ಮಂಜೂರಾದದ್ದು.
ಅದೇ ಭಟ್ಟಿಯ ಮಂಡಕ್ಕಿ. ಬಿಸಿ ಆರಿರಲಿಲ್ಲ.

ತಿನ್ನುತ್ತಿದ್ದಾಗ ಹಾಲವ್ವ ಬಂದಳು.
ಹೊಟ್ಟಿನ ಬುಟ್ಟಿ ಇಳಿಸಿ ಗೋಡೆ ಮುಟ್ಟಿದಳು.
ಬೆರಳು ಬೆಳ್ಳಗಾಯಿತು.
"ಯವ್ವಾ, ಇಲ್ಲಿ ನನ್ನವು ಮೂವತ್ತೇಳು ಚೀಲ ಇದ್ದುವು."

ಮರುದಿನ ಬಟವಾಡೆ.
ಗುಮಾಸ್ತನ ಪುಸ್ತಕದಲ್ಲಿ ಹಾಲವ್ವನವು ಮೂವತ್ತೊಂದು.
ಪುಸ್ತಕಕ್ಕೆ ಯಾರೂ ಸುಣ್ಣ ಬಳಿದಿರಲಿಲ್ಲ.

ಸರ್ ಗಂಟಲು ಸರಿಮಾಡಿಕೊಂಡರು. ಬಸ್ಸು ಹಾರನ್ ಹೊಡೆಯಿತು.
ನಾನು ಹತ್ತಲಿಲ್ಲ ಎಂದು ಬರೆದರೆ ಚೆಂದ.
ಹತ್ತಿದೆ. ಹದಡಿ ರಸ್ತೆಯವರೆಗೂ ಹೋದೆ.
ಉಗುರ ಸಂದಿಯ ಸುಣ್ಣ ಉರಿಯುತ್ತಿತ್ತು.
ಇಳಿದು, ನಡೆದು ಬಂದೆ.

ದೀಪ ಹಚ್ಚುವವರೆಗೂ ಕೂತೆವು, ನೆನಪಿನಿಂದ ಚೀಲ ಹೊರತೆಗೆಯುತ್ತ.
"ಮಂಗಳವಾರ ಮಳಿ ಬಂತಲ್ಲ, ಅವತ್ತು ನಾಕು."
"ಬುಧವಾರ ಮಾಬುನ್ನಿ ಮಗೀಗೆ ಜ್ವರ,
ಅಕಿ ಪಾಲಿಂದು ನಾನ ಹುರಿದೆ,
ಎರಡು ಗೀರು ಅಕಿ ಓಲಿ ಮುಂದ ಹಾಕಿದ್ದೆ."
ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.
ಸೇವಾ ಡೈರಿಯ ಹಿಂದಿನ ಹಾಳೆ ಹರಿದು ಬರೆದೆ.
ಗುಮಾಸ್ತ ನೋಡಿ ನಕ್ಕ. ಮೂವತ್ತಮೂರು ಎಂದ.
ಮೂವತ್ತನಾಲ್ಕಕ್ಕೆ ನಿಂತ.

ಮೂರು ಚೀಲದ ಕೂಲಿ ನಾನು ಕೊಡಹೋದರೆ
ಹಾಲವ್ವ ಬೈದಳು: "ನಿನ್ ರೊಕ್ಕ ಯಾತಕ್ಕ?
ಅಂವ ಬರೀತಾನಲ್ಲ ಅಂಕಿ, ಅವನ್ನ ಕಲಿಸು."

ಹನ್ನೆರಡು ಭಾನುವಾರ ಹೋದೆ.
ಸೊನ್ನೆಯಿಂದ ಒಂಬತ್ತು, ಅಷ್ಟೇ ಪಾಠ.
ಮಾಬುನ್ನಿಯ ಎರಡು ಕೊನೆವರೆಗೂ ಬೆನ್ನು ತಿರುಗಿಸಿಯೇ ಕೂತಿತು.
ಹಲಗೆ ಬೇಕಾಗಲಿಲ್ಲ, ನಾವೇ ಬಳಿದ ಗೋಡೆಯಿತ್ತು,
ಇದ್ದಿಲಿಗೆ ಬರವಿರಲಿಲ್ಲ.
"ಬಿಳೇದರ ಮ್ಯಾಲೆ ಕರೇದು ಚಲೋ ಕಾಣ್ತತಿ ಬಿಡು,"
ಎಂದಳು ಹಾಲವ್ವ ಒಮ್ಮೆ.
ಅದನ್ನು ಕ್ಷಮೆ ಎಂದು ಓದಿಕೊಳ್ಳುವ ಆಸೆ ನನಗೆ.

ಆ ತಾಸುಗಳಿಗೆ ಡೈರಿಯಲ್ಲಿ ಕಲಮು ಇರಲಿಲ್ಲ.
ಏಳು ತಾಸು ಕಡಿಮೆಯೇ ಉಳಿದವು, ಪ್ರಮಾಣಪತ್ರ ಬರಲಿಲ್ಲ.
ಡೈರಿ ಇದೆ. ಆ ದಿನದ ಸಾಲಿಗೆ ಸರ್ ಸಹಿ:
ಶ್ರಮದಾನ, ಗೋಡೆ ಒಂದು, ನಾಲ್ಕು ತಾಸು.

ಮೀನು ಒಬ್ಬ ಹುಡುಗಿಯದಂತೆ,
ಹರಪನಹಳ್ಳಿ ಕಡೆಯವಳು, ಹೊಸದಾಗಿ ಸೇರಿದ್ದಳು.
ಆ ಸೋಮವಾರ ಕೊಟ್ಟಷ್ಟು ಇಸಕೊಂಡು ಹೋದವಳು
ಮತ್ತೆ ಬರಲಿಲ್ಲ.
ಎಷ್ಟು ಗೀರಿದ್ದವು ಅವಳ ಮೀನಿನ ಮುಂದೆ?
ಬ್ರಷ್ಷು ಎತ್ತಿದಾಗ ಕಣ್ಣೆದುರಿಗೇ ಇದ್ದವು.
ನಾನು ಎಣಿಸಿರಲಿಲ್ಲ.